ಉಪ್ಪು ತೆಗೆದ ನೀರು

ಹಿದ್ದ್‌ನ ಕಡಲಂಚಿನ ಸ್ಥಾವರದಲ್ಲಿ
ಹನ್ನೊಂದು ವರ್ಷದಿಂದ ನನ್ನದು ಒಂದೇ ಕೆಲಸ:
ಕಡಲನ್ನು ಕುಡಿಯಬಹುದೇ ಎಂದು ನೋಡುವುದು.
ಎರಡು ಗಂಟೆಗೊಮ್ಮೆ ಮಾದರಿ, ಗಾಜಿನ ಬೀಕರು,
ಪುಸ್ತಕದಲ್ಲಿ ಅಂಕಿ, ವೇಳೆ, ಮೀಟರಿನ ನಂಬರು, ಸಹಿ.
'ನನಗೆ ಗೊತ್ತು' ಎಂದು ಬರೆಯಲು
ಅಲ್ಲಿ ಕಾಲಮ್ಮಿಲ್ಲ.

ಆ ಮಾತು ಕಲಿತದ್ದು ಮೂರನೇ ವಯಸ್ಸಿಗೆ.
ಲಿಂಗರಾಜಪುರದ ಬಾಡಿಗೆ ಹಾಲಿನಲ್ಲಿ
ಅಮ್ಮ ಕಿವಿಗೆ ಪಿಸುಗುಟ್ಟಿದಳು, ನಾನು ಮೈಕಿಗೆ ಒದರಿದೆ:
ಈ ಸಭೆ ಸತ್ಯವೆಂದು ನನಗೆ ಗೊತ್ತು.
ಎಲ್ಲರೂ ಕಣ್ಣೊರೆಸಿಕೊಂಡರು.
ನನಗೆ ಗೊತ್ತಿದ್ದದ್ದು
ಮೈಕಿಗೆ ತುಕ್ಕಿನ ವಾಸನೆ ಇದೆ ಎಂಬುದಷ್ಟೇ.

ಎಂಟಕ್ಕೆ ದೀಕ್ಷಾಸ್ನಾನ.
ಬಿಳಿ ಅಂಗಿ, ಎದೆಮಟ್ಟ ನೀರು, ಅಪ್ಪನ ಎತ್ತಿದ ಬಲಗೈ.
ಮುಳುಗಿಸಿ ಎತ್ತಿದರೆ ಸಾಕ್ಷಿಗಳಿಬ್ಬರೂ ಅಡ್ಡ ತಲೆಯಾಡಿಸಿದರು:
ಎಡಗಾಲಿನ ಹೆಬ್ಬೆರಳು ಮೇಲೇ ಉಳಿದಿತ್ತಂತೆ.
ಮತ್ತೊಮ್ಮೆ.
ಎರಡನೇ ಸಲ ಮೂಗಿಗೆ ನೀರು ಹೊಕ್ಕು ಉರಿಯಿತು;
ಆ ಉರಿಯನ್ನೇ ಪವಿತ್ರಾತ್ಮ ಅಂದುಕೊಂಡಿದ್ದೆ
ಬಹಳ ವರ್ಷ.

ಕಾಫಿ ಮುಟ್ಟದ ಬೆಂಗಳೂರಿಗನಾಗಿ ಬೆಳೆದೆ.
'ಮಾರ್ಮನ್ನರ ಹುಡುಗ, ಹಾಲೇ ಕೊಡಿ' ಅನ್ನುತ್ತಿದ್ದರು ನೆಂಟರು,
ಮೀಸೆ ಬಂದ ಮೇಲೂ.
ಇಪ್ಪತ್ತಕ್ಕೇ 'ಎಲ್ಡರ್' ಎಂಬ ಕಪ್ಪು ಬಿಲ್ಲೆ ಎದೆಗೆ ಚುಚ್ಚಿಕೊಂಡು
ವಿಶಾಖಪಟ್ಟಣದ ಮೆಟ್ಟಿಲುಗಳನ್ನು ಹತ್ತಿಳಿದೆ.

ಇಲ್ಲಿಗೆ ಬಂದ ಮೇಲೆ ಸಬ್ಬತ್ತೂ ಶುಕ್ರವಾರಕ್ಕೆ ಸರಿಯಿತು,
ದೇವರೂ ವೀಸಾ ಬದಲಿಸಿದ ಹಾಗೆ.
ಒಂದು ವಿಲ್ಲಾ, ಎಳೆದ ಪರದೆ, ಹತ್ತು ದೇಶದ ಚಪ್ಪಲಿ.
ರೊಟ್ಟಿಯ ಚೂರು, ಚಿಕ್ಕ ಲೋಟದಲ್ಲಿ ನೀರು
(ನಮ್ಮಲ್ಲಿ ದ್ರಾಕ್ಷಾರಸವಿಲ್ಲ, ನೀರೇ),
ಹಿಂದಿನ ರಾತ್ರಿ ನಾನೇ ಪಾಸು ಮಾಡಿದ್ದು.

ಯಾವಾಗ ಶುರುವಾಯ್ತು, ಎಂದು ತಬಿತಾ ಕೇಳುತ್ತಾಳೆ,
ಯಾರ ಜೊತೆ ಎಂದು ಕೇಳುವ ಧಾಟಿಯಲ್ಲಿ.
ಒಂದೇ ದಿನ ಅಲ್ಲ ಕಣೇ.
ಜೆರೂಷಾಗೆ ಗ್ರಂಥ ಓದಿ ಹೇಳುತ್ತಿದ್ದೆ. ದೇವರು ಮುನಿದು
ಒಂದು ಕುಲದ ತೊಗಲು ಕಪ್ಪಾಗಿಸಿದ ಪುಟ ಬಂತು.
ಅವಳು ತನ್ನ ಮುಂಗೈ ನೋಡಿಕೊಂಡಳು. ಆಮೇಲೆ ನನ್ನದು.
ಏನೂ ಕೇಳಲಿಲ್ಲ.
ನಾನು ಎರಡು ಪುಟ ಒಟ್ಟಿಗೆ ಮಗುಚಿದೆ.

ಹೋದ ತಿಂಗಳ ದಶಮಾಂಶ, ನಲವತ್ತೆರಡು ದಿನಾರ್,
ಕವರಿನಲ್ಲೇ ಇದೆ, ಮೇಜಿನ ಖಾನೆಯಲ್ಲಿ.
ಕೊಡಲಾರೆ. ಖರ್ಚು ಮಾಡಲೂ ಹೆದರಿಕೆ.

ರಾತ್ರಿಪಾಳಿಯಲ್ಲಿ ಜಾಸಿಂ ಹೂಜಿ ಎತ್ತಿದಾಗ
ಎಂದಿನಂತೆ ನನ್ನ ಅಂಗೈ ಅಡ್ಡ ಹೋಗಲಿಲ್ಲ.
ಅವನು ಒಮ್ಮೆ ಮುಖ ನೋಡಿ ಸುರಿದ, ಗಹ್ವಾ,
ಏಲಕ್ಕಿಯ ಕಹಿ. ಇನ್ನೊಂದು ಸುರಿದ. ಮತ್ತೊಂದು.
ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕಂತೆ,
ನನಗೇನು ಗೊತ್ತು!
ಏಳು ಬಟ್ಟಲು. ಬೆಳಗಿನ ತನಕ ಎದೆ ಡವಡವ.
ಪಾಪವೋ ಕೆಫೀನೋ,
ಅಳೆಯುವ ಮೀಟರು ನಮ್ಮ ಲ್ಯಾಬಿನಲ್ಲಿಲ್ಲ.

ನಿನ್ನೆ, ಗುರುವಾರ, ತಬಿತಾ ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು.
ನಾಳೆ ಬರುವುದಿಲ್ಲ ಅಂದೆ.
ಇಸ್ತ್ರಿ ನಿಲ್ಲಲಿಲ್ಲ. ಕಾಲರು, ತೋಳು, ಮತ್ತೆ ಕಾಲರು.
ಸಾಲ ಮಾಡಿ ಹಾಂಗ್‌ಕಾಂಗಿನ ದೇವಾಲಯಕ್ಕೆ ಹೋಗಿದ್ದೆವು ನಾವು;
ಎದುರುಬದುರು ಕನ್ನಡಿಗಳ ನಡುವೆ ಮಂಡಿಯೂರಿ
ಮುದ್ರೆ ಹಾಕಿಸಿಕೊಂಡಿದ್ದೆವು, ಕಾಲಕ್ಕೂ, ಕಾಲದಾಚೆಗೂ.
ಕನ್ನಡಿಯೊಳಗೆ ಕನ್ನಡಿ. ಮುಗಿಯದ ತಬಿತಾ, ಮುಗಿಯದ ನಾನು.

ಕಡೆಗೆ ಅವಳು ಕೇಳಿದ್ದು ಇಷ್ಟೇ:
'ಹಂಗಾದ್ರೆ ಅಲ್ಲಿ ನಾನೊಬ್ಳೇನಾ?'

ಅಂಗಿ ಹ್ಯಾಂಗರಿನಲ್ಲಿ ಬೆಚ್ಚಗೆ ತೂಗುತ್ತಿತ್ತು.

ಬೆಳಿಗ್ಗೆ ಅವರಿಬ್ಬರೂ ವಿಲ್ಲಾಕ್ಕೆ ಹೋದರು.
ನಾನು ಸ್ಥಾವರದಾಚೆಯ ದಂಡೆಗೆ ಬಂದೆ.
ಕುಡಿಯುವ ನೀರಿನಿಂದ ತೆಗೆದ ಉಪ್ಪನ್ನೆಲ್ಲ
ನಾವು ಕಡಲಿಗೇ ಮರಳಿಸುತ್ತೇವೆ;
ಈ ನೀರು ದಪ್ಪ, ಸುಲಭಕ್ಕೆ ಮುಳುಗಗೊಡದು.
ಅಂಗಾತ ಮಲಗಿದೆ.
ಕಿವಿಯಲ್ಲಿ ಪಂಪಿನ ಗುಂಯ್. ದೂರದ ಮಸೀದಿಯಿಂದ ಕರೆ,
ಅದೂ ನನಗಲ್ಲ.
ಕಣ್ಣೆದುರು ಎಡಗಾಲಿನ ಹೆಬ್ಬೆರಳು,
ಉಗುರಿನ ಮೇಲೆ ಬಿಸಿಲು.

ಸಾಕ್ಷಿಗಳಿಲ್ಲ.
ಒಂದು ಗಂಟೆಗೆ ಅವರು ಬರುತ್ತಾರೆ.
ಹೋಗಿ ಅನ್ನಕ್ಕಿಡಬೇಕು.