ನಾಲ್ಕಡಿ ಎರಡಂಗುಲ

ಪೇಟೆ ಬೀದಿಯಲ್ಲಿ ರಾತ್ರಿ ಒಂಬತ್ತೂವರೆಗೆ
ಹನ್ನೊಂದಡಿ ಪ್ಯಾರಾಪೆಟ್ಟು ಮುಂದಿನ ಇಟ್ಟಿಗೆ ಸಮೇತ ಕೆಳಗಿಳಿಯಿತು.
ಎಳನೀರು ಗಾಡಿಯ ಬೆನ್ನು ಮುರಿಯಿತು.
ಗಾಡಿಯವನು ಉಚ್ಚೆಗೆಂದು ಸಂದಿಗೆ ಹೋಗಿದ್ದ,
ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ನಗರಸಭೆಯಿಂದ ನಾನು ಹೋದೆ.
ಬ್ಯಾಗಿನಲ್ಲಿ ಟೇಪು, ಚಾಕ್‌ಪೀಸು, ಅರ್ಧ ಕೆಜಿ ಸುತ್ತಿಗೆ.
ಮಾಲೀಕರು ಶಿವಮಾದಪ್ಪ ಕಾಫಿ ತರಿಸಿದರು:
'ಅದು ಬರೀ ಚೆಂದಕ್ಕೆ ಹಚ್ಚಿದ್ದು ಮೇಡಂ.
ಒಳಗಿನ ಗೋಡೆ ಆನೆ ಗುದ್ದಿದರೂ ಅಲ್ಲಾಡಲ್ಲ.'
ಒಂದೊಂದು ಚೆಂದವೂ ಮೂರು ಮೂರು ಕೆಜಿ.
ನಾನು ಕಾಫಿ ಕುಡಿದೆ.

ಏಣಿ ಹತ್ತಿ, ಉಳಿದ ಮುಖವನ್ನು
ಕಲ್ಲಂಗಡಿ ಕೊಳ್ಳುವವಳ ಹಾಗೆ ತಟ್ಟುತ್ತ ಹೋದೆ.
ಡಬ್ ಡಬ್.
ಹಿಂದೆ ಎರಡು ಬೆರಳಿನಷ್ಟು ಸಂದು;
ಹೊದಿಕೆಗೂ ಗೋಡೆಗೂ ಮಾತು ಬಿಟ್ಟು ಬಹಳ ವರ್ಷ.
ಎರಡನ್ನೂ ಬಿಗಿಯಬೇಕಿದ್ದ ಪಟ್ಟಿ ಒಂದೂ ಇಲ್ಲ.
ಕಬ್ಬಿನ ಲಾರಿ ಹೋದಾಗಲೆಲ್ಲ ಅಂಗೈಗೆ ನಡುಕ.
ಡಬ್ ಡಬ್, ಚಾಕಿನಲ್ಲೊಂದು ಗುಣಾಕಾರ, ಡಬ್ ಡಬ್,
ಆಮೇಲೆ
ಠಣ್.

ಟೇಪು ಹಿಡಿದೆ: ನಾಲ್ಕಡಿ ಎರಡಂಗುಲ.
ಅಷ್ಟಗಲಕ್ಕೆ ಮೇಲಿಂದ ಕೆಳತನಕ ಠಣ್ ಠಣ್.
ಅದರಾಚೆ ಮತ್ತೆ ಪೊಳ್ಳು.

ಕಟ್ಟಿದ ಮೇಸ್ತ್ರಿಯನ್ನು ಗುತ್ತಲಿನಿಂದ ಸ್ಕೂಟರಿನಲ್ಲಿ ಕರೆತಂದರು.
ಚನ್ನಿಗಯ್ಯ. ಕಣ್ಣಿಗೆ ಪೊರೆ, ಕಿವಿ ಚುರುಕು.
ರಸ್ತೆಯಲ್ಲಿ ನಿಂತೇ ನನ್ನ ಪೆಟ್ಟು ಕೇಳಿ ಹೇಳಿದ:
'ಅಲ್ಲಿ ಪಟ್ಟಿ ಐತೆ ಕನವ್ವ. ಎಲ್ಡು ವರಸೆಗೊಂದು.
ನನ್ ಕಾಸಲ್ಲೇ ತಂದು ಮಡಗಿದ್ದು.'
'ಮಿಕ್ಕ ಕಡೆ?'
'ಅವ್ರು ಕೊಡ್ನಿಲ್ಲ. ನಾನೂ ಕೇಳ್ನಿಲ್ಲ.'
'ಇಲ್ಲಿ ಮಾತ್ರ ಯಾಕೆ?'

ಅವನು ಫುಟ್‌ಪಾತ್ ನೋಡಿದ.
ಈಗಲ್ಲಿ ಮೊಬೈಲ್ ಕವರುಗಳ ಸ್ಟ್ಯಾಂಡು.
'ಆಗ ಇಲ್ಲಿ ಸಾಕವ್ವ ಬೋಂಡ ಬೇಯ್ಸೋಳು.'

ಯಾರವಳು ಎಂದು ನಾನು ಕೇಳಲಿಲ್ಲ.
ಕೇಳಬೇಕಾದ ಇನ್ನೊಂದಿತ್ತು, ಅದನ್ನೂ ಕೇಳಲಿಲ್ಲ:
ಹಾಗಾದರೆ ನಿನಗೆ ಗೊತ್ತಿತ್ತು.
ಇಪ್ಪತ್ತೇಳು ವರ್ಷ ಮಿಕ್ಕವರೆಲ್ಲ ಅದರ ಅಡಿಯಲ್ಲೇ
ಮಳೆಗೆ ನಿಂತರು, ಚಿಲ್ಲರೆ ಎಣಿಸಿದರು,
ಬಗ್ಗಿ ಮಗುವಿನ ಚಪ್ಪಲಿಯ ಬಾರು ಹಾಕಿದರು.

ವರದಿಯಲ್ಲಿ 'ಕಾರಣ' ಎಂಬಲ್ಲಿ ಒಂದೇ ಗೆರೆ ಜಾಗ.
'ಬಂಧಕ ಪಟ್ಟಿಗಳ ಅಭಾವ' ಎಂದು ಬರೆದೆ.
ಶಿಫಾರಸು: ಪೂರ್ತಿ ತೆಗೆಯುವುದು.

ಮಾರನೆಯ ದಿನ ಪೊಳ್ಳೆಲ್ಲ
ಹಾರೆ ತೋರಿಸಿದ್ದೇ ತಡ, ಹಪ್ಪಳದಂತೆ ಕಳಚಿ ಬಂತು;
ಊಟದ ಹೊತ್ತಿಗೆ ಮುಗಿಯಿತು.
ಆ ನಾಲ್ಕಡಿಯನ್ನು ತಾನೇ ಬಿಚ್ಚುವೆನೆಂದ ಚನ್ನಿಗಯ್ಯ.
ಸಾರವೆಯ ಮೇಲೆ ಕೂತು, ಉಳಿಯಿಟ್ಟು, ಒಂದೊಂದೇ.
ತುಕ್ಕು ಹಿಡಿದಿತ್ತು ಪಟ್ಟಿ,
ಆದರೂ ಹಿಡಿದಿತ್ತು.
ಅಂಗಡಿಗಳ ದೀಪ ಹತ್ತುವಾಗ
ಇನ್ನೂ ಮೂರು ವರಸೆ ಬಾಕಿ.