ಓರೆಗೆರೆ

ಬೇರು ಅನ್ನುತ್ತೇವೆ ಅದನ್ನು. ಬರೆದರೆ
ಒಂದು ಓರೆಗೆರೆ, ಅಷ್ಟೇ;
ಗಾಳಿಗೆ ವಾಲಿದ ಬೇಲಿಗೂಟ.
ಮಿಕ್ಕಿದ್ದೆಲ್ಲ ಅದಕ್ಕೆ ಜೋತುಬಿದ್ದದ್ದು.

ನರಿನ್ ನದಿಯ ದಂಡೆ, ನೀರಳತೆ ಕೇಂದ್ರ.
ರಾತ್ರಿ ಮೂರು ಸಲ ಕರೆಂಟು ಹೋಗಿ ಬಂತು.
ಬ್ಯಾಟರಿ ಯಂತ್ರವನ್ನು ಹಿಡಿದುಕೊಂಡಿತು, ಡಿಸ್ಕನ್ನು ಕೈಬಿಟ್ಟಿತು.
ಬಿಷ್ಕೆಕ್‌ನ ನನ್ನ ಅಡುಗೆಮನೆಯಲ್ಲಿ
ನಿನ್ನೆ ಮುಚ್ಚಲು ಮರೆತ ಒಂದೇ ಕಿಟಕಿ.
ಈಗ ಮುಚ್ಚಿದರೆ ಮತ್ತೆ ಒಳಗೆ ಬಿಡುವವರಿಲ್ಲ.

ಎಲ್ಲೆಸ್ ಅಂದೆ. ಇಲ್ಲ ಅಂತು.
ಕ್ಯಾಟ್ ಅಂದೆ. ಇಲ್ಲ.
ಮೂವತ್ತು ವರ್ಷ ಬಾಯಿಪಾಠವಾದ ಪದಗಳು
ಸಂತೆಯಲ್ಲಿ ಕಂಡ ಸಾಲಗಾರರ ಹಾಗೆ ಮುಖ ತಿರುಗಿಸಿದವು.
ಎಕೋ ಮಾತ್ರ ಬದುಕಿತ್ತು. ಅದಕ್ಕೆ ಮನೆ ಬೇಡ,
ಶೆಲ್ಲಿನ ಗಂಟಲಲ್ಲೇ ಇರುವಂಥದು.
ಎಕೋ, ಮುಂದೊಂದು ನಕ್ಷತ್ರ:
ಹಾಳುಬಾವಿಗೆ ಕೂಗಿದಂತೆ.
ಉಳಿದವರು ಹೆಸರು ಹೇಳಿದರು.
ಎಸ್‌ಬಿನ್ ಇದೆ. ವಾರ್ ಇದೆ. ಬಿನ್ ಇಲ್ಲ.

"ಸಗಿನ್‌ಬೆಕ್, ದೀಪ ಹಸಿರಾ?"
"ಕಿತ್ತಳೆ, ಬುರುಲ್ಕಾನಕ್ಕ. ಮಿಟುಕ್ತಿದೆ,
ಜ್ವರದ ಕುರಿಮರಿ ಉಸಿರೆಳೆಯೋ ಹಾಗೆ."
"ಏನನ್ನೂ ಮುಟ್ಟಬೇಡ."
"ಇಲ್ಲ. ಟೋಪಿ ಕೂಡ ತೆಗೆದಿಲ್ಲ."

ಮೊದಲು ಬರೆಯುವುದನ್ನು ನಿಲ್ಲಿಸಿದೆ. ಇನ್ನು ಓದಬಹುದು, ಅಷ್ಟೇ.
ಮೊದಲ ಪುಟ ಹರಿದಿದೆ; ಅದರ ನಕಲು
ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟನೆಯ ಮನೆಯಲ್ಲಿ.
ಈ ಸಂಖ್ಯೆ ನಿದ್ದೆಯಲ್ಲೂ ಹೇಳಬಲ್ಲೆ.
ಅಪ್ಪ ತೀರಿಕೊಂಡ ತಾರೀಖಿಗೆ ಕ್ಯಾಲೆಂಡರ್ ನೋಡಬೇಕು.

ಆಮೇಲೆ ಪ್ರಶ್ನೆಗಳು.
ಈ ತುಂಡು ಯಾರದ್ದೂ ಅಲ್ಲ, ಸೇರಿಸಲೇ? ಹೂಂ.
ಈ ಎಣಿಕೆ ತಪ್ಪು, ತಿದ್ದಲೇ? ಹೂಂ.
ಇದನ್ನು ಇಬ್ಬರು ತಮ್ಮದೆನ್ನುತ್ತಿದ್ದಾರೆ.
ಬೆರಳು ನಿಂತಿತು. ಚಹಾದ ಮೇಲೆ ಕೆನೆ ಕಟ್ಟಿತ್ತು.
ಹೂಂ.

ಕಳೆದುಹೋಗಿ ಸಿಕ್ಕವರ ಕೋಣೆಯಲ್ಲಿ
ಹೆಸರು ಹೋದವರು ಬರೀ ನಂಬರು ಹಿಡಿದು ಕೂತಿದ್ದರು.
ಎಂಟು ಸಾವಿರದ ನೂರ ತೊಂಬತ್ಮೂರೇ ಬಿನ್!
ಅದರ ಹೊಟ್ಟೆಯೊಳಗಿನ ಎಂವಿಯನ್ನೇ ಕರೆದು
ಅದನ್ನು ಅದರ ಮನೆಗೆ ಹೊರಿಸಿದೆ.

ರೀಬೂಟ್. ನಾಲ್ಕು ನಿಮಿಷ, ಪಿಂಗಿಗೆ ಉತ್ತರವಿಲ್ಲ. ಐದು.
ಫೋನಿನಲ್ಲಿ ನದಿ ಮಾತ್ರ.
ಕೊನೆಗೆ ಅವನೇ: "ಹಸಿರು."

ಒಂದು ನಂಬರು ಯಾರ ಮನೆಗೂ ಸೇರಲಿಲ್ಲ. ತೆರೆದೆ:
ಬೆಳಿಗ್ಗೆ ಆರು. ನೀರು ನೂರ ನಲವತ್ತೆರಡು. ದಂಡೆಗೆ ಮಂಜುಗಡ್ಡೆ.
ನಾಯಿ ಮರಿ ಹಾಕಿದೆ, ನಾಲ್ಕು. ಒಂದು ಕುಂಟು.
ಸಹಿಯಿಲ್ಲ, ವರ್ಷವಿಲ್ಲ.
ಓದಿ ಹೇಳಿದೆ. ಅವನು ನಗಲಿಲ್ಲ.
"ಕುಂಟ ಇಲ್ಲೇ ಇದ್ದಾನಕ್ಕ, ಹೀಟರಿನ ಪಕ್ಕ. ಹಲ್ಲಿಲ್ಲ ಈಗ.
ನೀರು ನೂರ ಐವತ್ತೊಂದು.
ಬರಕೊಳ್ಳಿ."