ಎಡಗಿವಿ

ಮೂರನೆಯ ಡ್ರಾಯರಿನಲ್ಲಿ, ಹಳೆ ಬ್ಯಾಟರಿ ಡಬ್ಬಿಯ ಹಿಂದೆ
ನಿನ್ನ ಎಡಗಿವಿ ಇದೆ, ರೋರಿ.
ಗುಲಾಬಿ ಬಣ್ಣ, ಹೆಬ್ಬೆರಳ ತುದಿಯಷ್ಟು.
ಸರಿಯಾಗಿ ಹೇಳಬೇಕೆಂದರೆ ಅದು ಕಿವಿಯಲ್ಲ,
ಕಿವಿಯೊಳಗೆ ಏನೂ ಇಲ್ಲದ ಜಾಗ
ಗಟ್ಟಿಯಾಗಿ ಕೈಗೆ ಸಿಕ್ಕಿದ್ದು.

ನಾನು ಕೆಲಸಕ್ಕೆ ಸೇರಿದ ವಾರ ನೀನೇ ಕುರ್ಚಿಯಲ್ಲಿ ಕೂತು
'ಮೊದಲ ಅಚ್ಚು ನನ್ನದೇ ತೆಗಿ,
ರೋಗಿಗಳಾದರೆ ಬೈತಾರೆ' ಅಂತ ತಲೆ ವಾಲಿಸಿದ್ದೆ.
ಕೈ ನಡುಗಿ ಅಚ್ಚಿನಲ್ಲೊಂದು ಗುಳ್ಳೆ ಉಳಿಯಿತು.
ಬೆಳಕಿಗೆ ಹಿಡಿದು ನೋಡಿದೆ ನೀನು,
'ಪರವಾಗಿಲ್ಲ, ಅಸಲಿಗಿಂತ ಚೆನ್ನಾಗಿದೆ.'

ಹಲ್ ಊರಿನ ಗಾಳಿ.
ಹಂಬರಿನ ಕೆಸರು ನೀರಿಂದೆದ್ದು ನೇರ ಕಿವಿಗೇ ನುಗ್ಗುವುದು.
ಗಾಳಿಯೆದ್ದ ಮರುದಿನ ನಮ್ಮಲ್ಲಿ ಜಾತ್ರೆ,
'ಬರೀ ಭೋರ್ ಅನ್ನುತ್ತೆ' ಎಂದು ಯಂತ್ರ ಹಿಡಿದು ಬರುವ ಮುದುಕರು.
ನಿನ್ನಜ್ಜ ಟ್ರಾಲರಿನ ಎಂಜಿನ್ ಕೋಣೆಯಲ್ಲಿ ಕಿವಿ ಕಳೆದುಕೊಂಡವನು.
ನಿಮ್ಮ ಮನೆಯಲ್ಲಿ ಪ್ರೀತಿಯನ್ನೂ ಕೂಗಿಯೇ ಹೇಳಬೇಕಿತ್ತಂತೆ,
ಪಕ್ಕದ ಮನೆಯವರು ಜಗಳವೆಂದು ತಿಳಿಯುತ್ತಿದ್ದರಂತೆ.

ಮಧ್ಯಾಹ್ನ ಆಲೂಗಡ್ಡೆ ಪ್ಯಾಟಿ, ಮೇಲೆ ಕೆಂಪು ಚಿಪ್ಸ್ ಮಸಾಲೆ.
ನನ್ನ ಅವಲಕ್ಕಿಗೂ ಅದನ್ನೇ ಉದುರಿಸಿ
ಚಮಚದಲ್ಲಿ ಏಟು ತಿಂದದ್ದು ನೆನಪಿದೆಯಾ.
(ಚೆನ್ನಾಗೇ ಇತ್ತು. ಆಗ ಹೇಳಲಿಲ್ಲ.)

ಕಿವಿಮಾತು ಎಂಬ ಪದ ಹೇಳಿಕೊಟ್ಟೆ ಒಂದು ದಿನ.
ಬುದ್ಧಿವಾದಕ್ಕೆ ಇಷ್ಟು ಒಳ್ಳೆ ಹೆಸರಾ ಎಂದು
ಹಳದಿ ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ
ನಿನ್ನದೊಂದು ಕಿವಿಮಾತು ಹೇಳಿದೆ:
'ಕೇಳಿಸಲಿಲ್ಲ ಅಂದರೆ ಅದೇ ಮಾತು ಜೋರಾಗಿ ಹೇಳಬೇಡ,
ಬೇರೆ ಮಾತಲ್ಲಿ ಹೇಳು.'

ಮಂಗಳವಾರ. ಸೈಕಲ್ಲಿಗೆ ಗಾಳಿ ಹೊಡೆಯುತ್ತ ಕುಸಿದೆಯಂತೆ.
ತಲೆಯೊಳಗೊಂದು ರಕ್ತನಾಳ. ಮೂವತ್ತಮೂರು ವರ್ಷ.
ಹೊರಗೆ ಬೆಂಚಿನ ಮೇಲೆ ನಿನ್ನ ಹನ್ನೊಂದು ಜನ.

ಸ್ಟೇವ್ಲಿ ಅಜ್ಜಿ ಯಂತ್ರ ಕಳಚಿ ನನ್ನ ಅಂಗೈಗಿಟ್ಟು
'ಆ ಹುಡುಗ ಎಲ್ಲಿ?' ಅಂದರು.
ಹೋಗಿಬಿಟ್ಟ, ಅಂದೆ.
'ಲೀಡ್ಸಿಗಾ? ಅಲ್ಲಿ ಸಂಬಳ ಜಾಸ್ತಿ.'
ಅವನಿನ್ನು ಬರುವುದಿಲ್ಲ, ಅಂದೆ.
'ರಜೆಯಾ? ಒಳ್ಳೇದಾಯ್ತು, ದಣಿದಿದ್ದ ಪಾಪ.'
ನೀನು ಹೇಳಿದ ಹಾಗೇ ಮಾಡುತ್ತಿದ್ದೆ ರೋರಿ,
ಬೇರೆ ಮಾತು, ಇನ್ನೊಂದು ಬೇರೆ ಮಾತು,
ಮೆತ್ತನೆಯ ಮಾತುಗಳೆಲ್ಲ ಮುಗಿದುಹೋದವು.
ಸತ್ತ,
ಅಂತ ಕೂಗಿದೆ.
ನಿನ್ನಜ್ಜನ ಮನೆಯ ದನಿಯಲ್ಲಿ.
ಕಾರಿಡಾರಿನಲ್ಲಿ ಅಳುತ್ತಿದ್ದ ಮಗು ಗಪ್ಪಾಯಿತು.

ಅಜ್ಜಿ ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತರು.
ಆಮೇಲೆ ಯಂತ್ರ ವಾಪಸು ಇಸಿದುಕೊಂಡು
'ಇದರ ಅಚ್ಚು ಅವನೇ ಮಾಡಿದ್ದು. ಬದಲಾಯಿಸಬೇಡ,
ಸಿಳ್ಳೆ ಹೊಡೆದರೆ ಹೊಡೀಲಿ.'

ಅಂತ್ಯಕ್ರಿಯೆಗೆ ಚರ್ಚಿನ ತುಂಬ ನಿನ್ನ ರೋಗಿಗಳು.
ಧ್ವನಿಯ ಲೂಪು ಕೆಟ್ಟಿತ್ತು,
ನೀನಿದ್ದಿದ್ದರೆ ಪೀಠದಡಿ ತೂರಿ ಸರಿಮಾಡುತ್ತಿದ್ದೆ.
ಪಾದ್ರಿ ಹೇಳಿದ್ದು ಅರ್ಧ ಜನಕ್ಕೆ ತಲುಪಲಿಲ್ಲ,
ಪ್ರಾರ್ಥನೆಯ ಹಾಡಿನಲ್ಲಿ ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ.
ಮುಂದಿನ ಬೆಂಚಿನಲ್ಲಿ ನಿನ್ನಮ್ಮ
ಅಳುತ್ತಿದ್ದವರು ಒಂದು ಕ್ಷಣ ನಕ್ಕುಬಿಟ್ಟರು.

ಎರಡು ವರ್ಷ ದಾಟಿದ ಅಚ್ಚುಗಳನ್ನು ಎಸೆಯಬೇಕೆಂಬ ನಿಯಮವಿದೆ.
ಹೋದ ವಾರ ಮ್ಯಾನೇಜರ್ ಜ್ಞಾಪಿಸಿದರು.
ಹೂಂ ಅಂದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಒಮ್ಮೆ, ಎಲ್ಲರೂ ಊಟಕ್ಕೆ ಹೋದಾಗ,
ಅದನ್ನು ತುಟಿಯ ಹತ್ತಿರ ತಂದೆ.
ಏನು ಹೇಳಲೂ ತೋಚದೆ
ಒಂದು, ಎರಡು, ಮೂರು ಅಂದೆ,
ಹೊಸ ಯಂತ್ರ ಪರೀಕ್ಷಿಸುವ ಹಾಗೆ.
ಗುಳ್ಳೆ ಅಲ್ಲೇ ಇದೆ, ಉಗುರಿಗೆ ತಾಕುತ್ತದೆ.

ಡ್ರಾಯರು ಮುಚ್ಚಿ ಬಾಗಿಲಿಗೆ ಬಂದು
ಮುಂದಿನವರ ಹೆಸರು ಕರೆಯುತ್ತೇನೆ.
ಮೊದಲ ಸಲಕ್ಕೆ ಯಾರೂ ತಲೆಯೆತ್ತುವುದಿಲ್ಲ.